ತಾರಸಿಗೆ ಡಾಂಬರು ಕಾಯಿಸಬಹುದೇ? ರಸ್ತೆ ಸಾಮಗ್ರಿ ಎಂಜಿನಿಯರರೊಂದಿಗೆ ಪ್ರಶ್ನೋತ್ತರ

ಸದಸ್ಯರು, ಸಾಗರ: ನಮಸ್ಕಾರ ಸರ್. ರಸ್ತೆ ಕಾಮಗಾರಿಯಲ್ಲಿ ಉಳಿದ ಅರ್ಧ ಡ್ರಮ್ ಡಾಂಬರನ್ನು ಅಂಗಳದಲ್ಲಿ ಸೌದೆ ಉರಿಸಿ ಕಾಯಿಸಿ, ಸೋರುವ ತಾರಸಿಗೆ ಬಳಿಯಬೇಕೆಂದಿದ್ದೇವೆ. ತೆಳುವಾಗಲು ಸೀಮೆಎಣ್ಣೆ ಬೆರೆಸಬೇಕೆಂದು ಮೇಸ್ತ್ರಿ ಹೇಳುತ್ತಾರೆ. ಡ್ರಮ್ ಕಳೆದ ಮಳೆಗಾಲದಲ್ಲಿ ಮುಚ್ಚಳವಿಲ್ಲದೆ ಹೊರಗೇ ಇತ್ತು. ಎಷ್ಟು ಸೀಮೆಎಣ್ಣೆ ಬೇಕಾಗುತ್ತದೆ?

ಎಂಜಿನಿಯರ್: ಸೀಮೆಎಣ್ಣೆ ಒಂದು ಹನಿಯೂ ಬೇಡ, ಬೆಂಕಿಯನ್ನು ಹಚ್ಚಲೇಬೇಡಿ. ನಿಮ್ಮ ಡ್ರಮ್ಮಿನೊಳಗೆ ಮಳೆನೀರು ಸೇರಿರುತ್ತದೆ. ಡಾಂಬರು ಶಾಖವನ್ನು ಬಹಳ ನಿಧಾನವಾಗಿ ಸಾಗಿಸುವುದರಿಂದ, ತಳಭಾಗ ಕುದಿಯುವಷ್ಟು ಬಿಸಿಯಾದಾಗಲೂ ಮೇಲ್ಭಾಗ ಗಟ್ಟಿಯಾಗಿಯೇ ಉಳಿದು, ಕೆಳಗೆ ಹುಟ್ಟಿದ ಹಬೆಗೆ ಹೊರಬರಲು ದಾರಿ ಇರುವುದಿಲ್ಲ. ನೀರು ಹಬೆಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಆಗ ಡಾಂಬರು ನೊರೆಯೆದ್ದು ಉಕ್ಕಿ, ಸುತ್ತ ನಿಂತವರ ಮೇಲೂ ಒಲೆಯ ಮೇಲೂ ಬೀಳುತ್ತದೆ.

ಇನ್ನು ಸೀಮೆಎಣ್ಣೆಯ ವಿಚಾರ. ರಸ್ತೆಗೆ ಬಳಸುವ ವಿಜಿ-30 ದರ್ಜೆಯ (ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದರ ಮೇಲೆ ಮಾಡಿದ ವಿಂಗಡಣೆ) ಡಾಂಬರಿನ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ ಕನಿಷ್ಠ 220 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಭಾರತೀಯ ಮಾನಕದ ನಿಯಮ. ಸೀಮೆಎಣ್ಣೆಗೆ ಸುಮಾರು 40 ಡಿಗ್ರಿ ಸಾಕು. ಸುಮಾರು 150 ಡಿಗ್ರಿಗೆ ಕಾದ ಡಾಂಬರಿಗೆ ಅದನ್ನು ಸುರಿದರೆ ತಕ್ಷಣ ಆವಿಯೆದ್ದು, ಕೆಳಗಿನ ಉರಿಗೆ ಹೊತ್ತಿಕೊಳ್ಳುತ್ತದೆ. ಬಿರುಕುಗಳನ್ನು ಮೊದಲು ತುಂಬಿಸಿ, ಬೆಂಕಿಯಿಲ್ಲದೆ ಬಳಿಯುವ, ತಾರಸಿಗೆಂದೇ ಬರುವ ಡಾಂಬರಿನ ಎಮಲ್ಷನ್ (ಡಾಂಬರಿನ ಸೂಕ್ಷ್ಮ ಹನಿಗಳನ್ನು ನೀರಿನಲ್ಲಿ ಬೆರೆಸಿದ ದ್ರವ) ತನ್ನಿ. ಅದರಲ್ಲಿರುವ ನೀರು ಆರಿದ ಮೇಲೆಯೇ ಪದರ ಕೂಡಿಕೊಳ್ಳುವುದರಿಂದ, ಮಳೆ ಬರುವ ಮುನ್ನ ಒಣಗಲು ಸಮಯ ಕೊಡಿ.

ಸದಸ್ಯರು, ಮೈಸೂರು: ನಮ್ಮ ಬಡಾವಣೆಯ ರಸ್ತೆಗೆ ಯಾವ ದರ್ಜೆಯ ಡಾಂಬರು ಸರಿ?

ಎಂಜಿನಿಯರ್: ವಿಜಿ-30. ಇದಕ್ಕೆ ಹಿಂದೆಯೂ ಉತ್ತರಿಸಿದ್ದೇನೆ.

ಸದಸ್ಯರು, ಹುಬ್ಬಳ್ಳಿ: ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದು: ಬಿಸಿ ಡಾಂಬರು ಮೈಮೇಲೆ ಬಿದ್ದರೆ ಕೂಡಲೇ ಸೀಮೆಎಣ್ಣೆಯಿಂದ ಉಜ್ಜಿ ತೆಗೆದು ಟೂತ್‌ಪೇಸ್ಟ್ ಹಚ್ಚಬೇಕಂತೆ.

ಎಂಜಿನಿಯರ್: ದಯವಿಟ್ಟು ಇಂಥದ್ದನ್ನು ಇಲ್ಲಿ ಹಂಚಬೇಡಿ. ಅಂಟಿದ ಡಾಂಬರನ್ನು ಕಿತ್ತರೆ ಚರ್ಮವೂ ಕಿತ್ತು ಬರುತ್ತದೆ. ಹರಿಯುವ ತಣ್ಣೀರನ್ನು ಕನಿಷ್ಠ 20 ನಿಮಿಷ ಬಿಟ್ಟು, ಡಾಂಬರನ್ನು ಇದ್ದಂತೆಯೇ ಇರಿಸಿ ಆಸ್ಪತ್ರೆಗೆ ಹೋಗಬೇಕು. ಅದು ಬೆರಳನ್ನೋ ಕೈಯನ್ನೋ ಸುತ್ತುವರಿದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ; ತಣಿಯುತ್ತ ಬಿಗಿದು ರಕ್ತಸಂಚಾರ ನಿಲ್ಲಿಸಬಹುದು.

ಸದಸ್ಯರು, ಬಳ್ಳಾರಿ: ನಮ್ಮೂರಿನ ರಸ್ತೆ ಬೇಸಿಗೆಯಲ್ಲಿ ಕರಗಿ ಚಪ್ಪಲಿಗೆ ಅಂಟುತ್ತದೆ. ಕಲಬೆರಕೆ ಎಂಬುದು ಸ್ಪಷ್ಟ.

ಸದಸ್ಯರು, ಮಂಗಳೂರು: ಡಾಂಬರಿಗೆ ನಿರ್ದಿಷ್ಟ ಕರಗುವ ಬಿಂದುವೇ ಇಲ್ಲ, ಅದು ಹಂತಹಂತವಾಗಿ ಮೆದುವಾಗುತ್ತದೆ. ಓದಿಕೊಂಡು ಮಾತನಾಡಿ.

ಸದಸ್ಯರು, ಬಳ್ಳಾರಿ: ಬಿಸಿಲಿನಲ್ಲಿ ನಡೆಯುವವರು ನಾವು. ನಿಮ್ಮ ಪಾಠ ಬೇಕಿಲ್ಲ.

ಸದಸ್ಯರು, ಮಂಗಳೂರು: ಪುರಾವೆಯಿಲ್ಲದೆ ಕಲಬೆರಕೆ ಎನ್ನುವವರಿಗೆ ಪಾಠವೇ ಬೇಕು.

ಸದಸ್ಯರು, ಕಲಬುರಗಿ: ಡಾಂಬರಿನ ಪರೀಕ್ಷೆಗೆ ಪ್ರಯೋಗಾಲಯದಲ್ಲಿ ಶುಲ್ಕ ಎಷ್ಟಾಗುತ್ತದೆ?

ಎಂಜಿನಿಯರ್: ಬಳ್ಳಾರಿ, ಮಂಗಳೂರಿನವರು ಇಬ್ಬರೂ ನಿಲ್ಲಿಸಿ. ವಿಜಿ-30 ಮೆದುವಾಗುವ ಉಷ್ಣತೆಯ ಕನಿಷ್ಠ ಮಿತಿ 47 ಡಿಗ್ರಿ, ಆದರೆ ಕಡುಬೇಸಿಗೆಯಲ್ಲಿ ರಸ್ತೆಯ ಮೇಲ್ಮೈ 60 ಡಿಗ್ರಿ ಮುಟ್ಟಬಲ್ಲದು. ಮಿಶ್ರಣದಲ್ಲಿ ಡಾಂಬರಿನ ಪ್ರಮಾಣ ಹೆಚ್ಚಿದ್ದರೂ, ದರ್ಜೆ ಮೃದುವಾಗಿದ್ದರೂ ಅದು ಮೇಲಕ್ಕೆ ಉಕ್ಕುತ್ತದೆ. ಕಲಬೆರಕೆಯೋ ಅಲ್ಲವೋ ಎಂಬುದನ್ನು ಮಾದರಿ ತೆಗೆದು ಪರೀಕ್ಷಿಸದೆ ಯಾರೂ ಹೇಳಲಾರರು.

ಸದಸ್ಯರು, ಸಾಗರ: ಸೀಮೆಎಣ್ಣೆ ಬೇಡವಾದರೆ ಡೀಸೆಲ್ ಹಾಕಬಹುದೇ ಸರ್? ಮೇಸ್ತ್ರಿ ನಾಳೆ ಬರುತ್ತಾರೆ.

ಎಂಜಿನಿಯರ್: ಬೇಡ ಎಂದೆನಲ್ಲ! ಡೀಸೆಲ್ಲಿಗೂ ಬೆಂಕಿ ಹತ್ತುತ್ತದೆ. ಹತ್ತದಿದ್ದರೂ ಅದು ಬೇಗ ಆರದೆ ಉಳಿದು ಪದರವನ್ನು ತಿಂಗಳುಗಟ್ಟಲೆ ಅಂಟಂಟಾಗಿಸುತ್ತದೆ. ಮೇಸ್ತ್ರಿಗೆ ಈಗಲೇ ಫೋನ್ ಮಾಡಿ ಬರಬೇಡಿ ಎನ್ನಿ, ಡ್ರಮ್ಮನ್ನು ಕೊಟ್ಟ ಗುತ್ತಿಗೆದಾರರಿಗೇ ಹಿಂತಿರುಗಿಸಿ.