ಹಳೇ ರೌಟರ್ ಹಾಕಿ ಹಿಂದಿನ ರೂಮಿಗೆ ವೈಫೈ ತಂದವ್ರು ಯಾರಾದ್ರೂ ಇದೀರಾ?

ಸಾಗರದ ಹತ್ರ ನಮ್ಮನೆ, ಅಜ್ಜನ ಕಾಲದ್ದು, ಗೋಡೆ ಎಲ್ಲ ಜಂಬಿಟ್ಟಿಗೆ ಕಲ್ಲು, ಒಂದೂವರೆ ಅಡಿ ದಪ್ಪ. ಫೈಬರ್ ಡಬ್ಬ ಜಗಲೀಲಿದೆ, ಅಲ್ಲಿ ಕೂತ್ರೆ ನೆಟ್ಟು ಚೆನ್ನಾಗೇ ಓಡುತ್ತೆ, ಅಡುಗೆಮನೆ ದಾಟಿ ಹಿಂದಿನ ರೂಮಿಗೆ ಹೋದ್ರೆ ಒಂದು ಪಾಯಿಂಟ್ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ತಂಗಿ ಅಲ್ಲೇ ಕೂತು ಆಫೀಸ್ ಕೆಲ್ಸ ಮಾಡೋದು, ಮೀಟಿಂಗ್ ಶುರುವಾದ್ರೆ ಲ್ಯಾಪ್‌ಟಾಪ್ ಎತ್ಕೊಂಡು ಜಗಲಿಗೆ ಓಡಿ ಬರ್ತಾಳೆ, ಇಲ್ಲಿ ಅಪ್ಪ ಯಾರ ಹತ್ರಾನೋ ಅಡಿಕೆ ರೇಟು ಮಾತಾಡ್ತಾ ಇರ್ತಾರೆ. ಹಿಂದಿನ ಕನೆಕ್ಷನ್ನಿನ ಎರಡು ಆಂಟೆನಾ ರೌಟರ್ ಒಂದು ಕಪಾಟಲ್ಲಿ ಧೂಳು ತಿಂತಾ ಇದೆ. ಅದನ್ನ ಏನಾದ್ರೂ ಮಾಡ್ಬೋದಾ?

*

ಮೆಶ್ ತಗೊಳ್ಳಿ, ಎರಡು ಮೂರು ಡಬ್ಬ ಸೇರಿ ಮನೆಯೆಲ್ಲ ಒಂದೇ ವೈಫೈ, ತಲೆನೋವೇ ಇಲ್ಲ.

*

ಮೇಲಿನವ್ರೇ, ಅವ್ರು ಕೇಳಿದ್ದು ಕಪಾಟಲ್ಲಿರೋ ರೌಟರ್ ಬಗ್ಗೆ. ಅದೂ ಅಲ್ದೆ ಒಂದೂವರೆ ಅಡಿ ಕಲ್ಲಿನ ಮುಂದೆ ಮೆಶ್ಶೂ ಏದುಸಿರು ಬಿಡುತ್ತೆ, ಅದಕ್ಕೂ ಮಧ್ಯ ಕೇಬಲ್ ಕೊಟ್ರೇನೇ ಮರ್ಯಾದೆ.

ನಾನು ಬೆಂಗಳೂರಲ್ಲಿ ಇದನ್ನೇ ಮಾಡಿ ನಾಲ್ಕು ವರ್ಷ ಆಯ್ತು, ಇವತ್ತಿಗೂ ಓಡ್ತಾ ಇದೆ. ಮೊದ್ಲು ಜಗಲಿಯಿಂದ ಹಿಂದಿನ ರೂಮಿಗೆ ಒಂದು ಕ್ಯಾಟ್ 5ಇ ಅನ್ನೋ ನೆಟ್‌ವರ್ಕ್ ಕೇಬಲ್ ಎಳೀರಿ, ಅದು 100 ಮೀಟರ್‌ವರೆಗೂ ಓಡುತ್ತೆ, ನಿಮ್ಮನೆಗೆ 20–25 ಮೀಟರ್ ಸಾಕಾಗ್ಬೋದು. ಅಂಗಡೀಲಿ ಪೂರ್ತಿ ತಾಮ್ರದ್ದೇ ಕೊಡಿ ಅಂತ ಕೇಳಿ, ಅಗ್ಗಕ್ಕೆ ಸಿಗೋದ್ರಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಅಷ್ಟೇ ಇರುತ್ತೆ, ಎರಡು ಸಲ ಬಗ್ಗಿಸಿದ್ರೆ ಪಟ್ ಅಂತ ಮುರಿಯುತ್ತೆ.

ಆಮೇಲೆ ಹಳೇ ರೌಟರ್ ಹಿಂದೆ ಸೂಜಿ ತೂತಿನ ಥರ ರೀಸೆಟ್ ಇರುತ್ತಲ್ಲ, ಅದನ್ನ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಇನ್ನೂ ಮೇನ್ ಡಬ್ಬಕ್ಕೆ ಸೇರಿಸ್ಬೇಡಿ. ಲ್ಯಾಪ್‌ಟಾಪನ್ನ ಇದಕ್ಕೆ ಮಾತ್ರ ಸಿಕ್ಸಿ ಕೆಳಗಿನ ಸ್ಟಿಕ್ಕರಲ್ಲಿರೋ ಅಡ್ರೆಸ್ ಬ್ರೌಸರಲ್ಲಿ ಹಾಕಿದ್ರೆ ಅದರ ಪೇಜ್ ಬರುತ್ತೆ. ಆಕ್ಸೆಸ್ ಪಾಯಿಂಟ್ ಮೋಡ್ (ಕೇಬಲಲ್ಲಿ ಬಂದ ನೆಟ್ಟನ್ನ ವೈಫೈ ಮಾಡಿ ಹಂಚೋದಷ್ಟೇ ಕೆಲ್ಸ) ಅಂತ ಇದ್ರೆ ಅದೃಷ್ಟ, ಅದನ್ನ ಒತ್ತಿದ್ರೆ ಹೆಚ್ಚುಕಮ್ಮಿ ಮುಗೀತು. ಇಲ್ಲಾಂದ್ರೂ ಪರವಾಗಿಲ್ಲ, ಮೇನ್ ಡಬ್ಬದ ಐಪಿ ಅಡ್ರೆಸ್ (ನೆಟ್‌ವರ್ಕಲ್ಲಿ ಅದರ ನಂಬರ್) 192.168.1.1 ಆದ್ರೆ ಇದಕ್ಕೆ 192.168.1.2 ಕೊಡಿ (ಮೇನ್ ಡಬ್ಬ 2ರಿಂದಾನೇ ಅಡ್ರೆಸ್ ಹಂಚ್ತಾ ಇದ್ರೆ ಅದನ್ನ 20ರಿಂದ ಶುರು ಮಾಡ್ಸಿ). ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇಡಿ, ಸೆಕ್ಯುರಿಟಿ ಡಬ್ಲ್ಯುಪಿಎ2, ಚಾನೆಲ್ ಮಾತ್ರ ಬೇರೆ ಬೇರೆ, ಅದು 1 ಆದ್ರೆ ಇದು 6 ಇಲ್ಲಾ 11. ಅಡ್ಮಿನ್ ಪಾಸ್‌ವರ್ಡೂ ಬದ್ಲಾಯ್ಸಿ. ಕೊನೆಗೆ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪಿಗೆಲ್ಲ ಅಡ್ರೆಸ್ ಹಂಚೋ ಕೆಲ್ಸ) ಆಫ್. ಇದನ್ನ ಮೊದ್ಲೇ ಆಫ್ ಮಾಡಿದ್ರೆ ಲ್ಯಾಪ್‌ಟಾಪಿಗೆ ಅಡ್ರೆಸ್ ಸಿಗದೆ ಪೇಜೇ ತೆರೆಯಲ್ಲ, ಅದಕ್ಕೆ ಕೊನೆಗೆ ಅಂದಿದ್ದು.

ಈಗ ಕೇಬಲ್ ಸಿಕ್ಸಿ. ಲ್ಯಾನ್ ಅಂದ್ರೆ ಮನೆಯೊಳಗಿನ ಸಾಧನ ಸಿಕ್ಸೋ ತೂತು, ವ್ಯಾನ್ ಅಂದ್ರೆ ಹೊರಗಿನ ನೆಟ್ಟು ಬರೋದು. ಮೇನ್ ಡಬ್ಬದ ಲ್ಯಾನ್‌ನಿಂದ ಹಳೇದರ ಲ್ಯಾನ್‌ಗೆ, ವ್ಯಾನ್ ಅಂತ ಬೇರೆ ಬಣ್ಣದ ತೂತಿರುತ್ತಲ್ಲ ಅದಕ್ಕಲ್ಲ. ಎಲ್ರೂ ತಪ್ಪೋದು ಇಲ್ಲೇ.

ನಾನು ತಪ್ಪಿದ್ದು ಡಿಎಚ್‌ಸಿಪೀಲಿ. ಮೊದಲ ದಿನ ಆಫ್ ಮಾಡೋದೇ ಮರ್ತೆ, ಅವತ್ತೇ ಮನೇಲಿ ನೆಂಟ್ರು, ಅರ್ಧ ಜನರ ಫೋನಲ್ಲಿ ನೆಟ್ ಬರ್ತಿದೆ, ಅರ್ಧ ಜನಕ್ಕೆ ವೈಫೈ ಚಿಹ್ನೆ ಪೂರ್ತಿ ತುಂಬಿದೆ ಆದ್ರೆ ಏನೂ ತೆರೀತಿಲ್ಲ. ಎರಡು ಡಬ್ಬಾನೂ ಪೈಪೋಟಿ ಮೇಲೆ ಅಡ್ರೆಸ್ ಹಂಚ್ತಾ ಇದ್ವು, ಹಳೇದರ ಕೈಯಿಂದ ಇಸ್ಕೊಂಡವ್ರಿಗೆಲ್ಲ ದಾರಿ ಹಳೇ ಡಬ್ಬದಲ್ಲೇ ಬಂದ್. ನಾನು ಕಂಪನಿಯವ್ರಿಗೆ ಫೋನ್ ಮಾಡಿ ರೇಗಾಡಿದೆ, ಪಾಪ ಆ ಹುಡುಗ ಮಳೇಲಿ ಬಂದು ನೋಡಿ ನಕ್ಬಿಟ್ಟು ಹೋದ.

*

ನಾವು ಧಾರವಾಡದಾಗ ಬಾಡಿಗಿ ಮನ್ಯಾಗ ಅದೇವ್ರಿ, ಗ್ವಾಡಿಗೆ ತೂತ ಹಾಕಬ್ಯಾಡ್ರಿ ಅಂದ್ರು ಮಾಲಕರು. ಅದಕ್ಕ ಕೇಬಲ್ ಇಲ್ದ ರಿಪೀಟರ್ ಮಾಡೇವಿ, ಅಂದ್ರ ವೈಫೈ ಹಿಡದು ಮತ್ತ ಹಂಚೋದು. ಒಂದ ರೇಡಿಯೋ, ಅದರಿಂದನ ಕೇಳಬೇಕು ಅದರಿಂದನ ಹೇಳಬೇಕು, ಹಿಂಗಾಗಿ ಸ್ಪೀಡ್ ಅರ್ಧ ಆಗ್ತದ ಖರೇ, 50 ಎಂಬಿಪಿಎಸ್ ಪ್ಲ್ಯಾನಿನಾಗ 18–20 ಬರ್ತದ, ಹುಡುಗರ ಕ್ಲಾಸಿಗೆ ಅಷ್ಟ ಸಾಕ್ರಿ. ಇಡೋ ಜಾಗ ಭಾಳ ಮುಖ್ಯ. ಸಿಗ್ನಲ್ ಸತ್ತಿದ್ದ ಖೋಲ್ಯಾಗ ಇಟ್ರ ಅದು ಏನ್ ಹಿಡೀತದ, ಏನ್ ಹಂಚ್ತದ? ನಡುವ ಪಾವಟಿಗಿ ಹತ್ರ ಇಟ್ಟೇವಿ. ಮೊದಲ ಗೋದ್ರೇಜ್ ಕಪಾಟಿನ ಮ್ಯಾಲ ಇಟ್ಟಿದ್ವಿ, ಕಬ್ಬಿಣದ ಕಪಾಟ ಅರ್ಧ ಸಿಗ್ನಲ್ ತಾನ ನುಂಗ್ತಿತ್ತು.

*

ತೀರ್ಥಹಳ್ಳಿ ಕಡೆಯವ್ನು ನಾನು. ಮನೆ ಒಳಗೇ ಕೇಬಲ್ ಎಳೆಯೋದಾದ್ರೆ ಸೈ, ಸೂರಿನ ಹೊರಗಿಂದ ಎಳೆಯೋದಾದ್ರೆ ಸ್ವಲ್ಪ ತಡೀರಿ. ನಾನು ಮನೆಯಿಂದ ಅಡಿಕೆ ಸುಲಿಯೋ ಶೆಡ್ಡಿಗೆ 40 ಮೀಟರ್ ಕೇಬಲ್ಲನ್ನ ಮರದಿಂದ ಮರಕ್ಕೆ ಕಟ್ಟಿ ಎಳ್ದಿದ್ದೆ, ಮೊದಲ ಗುಡುಗು ಮಳೆಗೇ ಎರಡೂ ಕಡೆ ಪೋರ್ಟ್ ಸುಟ್ಟೋಯ್ತು, ಮೇನ್ ಡಬ್ಬದ್ದೂ ಸೇರಿ. ಮರಕ್ಕೆ ಸಿಡ್ಲು ಹೊಡೀಲೇಬೇಕು ಅಂತಿಲ್ಲ, ಹತ್ರದಲ್ಲೆಲ್ಲೋ ಹೊಡೆದ್ರೂ ಅಷ್ಟುದ್ದ ತಾಮ್ರದಲ್ಲಿ ಕರೆಂಟು ನುಗ್ಗುತ್ತೆ. ಈಗ ಅಲ್ಲಿಗೆ ಫೈಬರ್ ಎಳ್ದು ಎರಡು ಕಡೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನ ಮಾಮೂಲಿ ಕೇಬಲ್ ಸಿಗ್ನಲ್ ಮಾಡೋ ಡಬ್ಬಿ) ಇಟ್ಟಿದೀನಿ, ಗಾಜಿನ ಎಳೆಯಲ್ಲಿ ಕರೆಂಟು ಹರಿಯಲ್ಲ. ಆದ್ರೆ ಫೈಬರ್ ಕೇಬಲ್ ಜೊತೆ ಬಲಕ್ಕೆ ಅಂತ ಸ್ಟೀಲ್ ತಂತಿ ಬಂದಿರುತ್ತೆ, ಅದನ್ನ ಗೋಡೆ ಹೊರಗೇ ಕತ್ತರ್ಸಿ, ಒಳಗೆ ತರ್ಬೇಡಿ.

*

ಕೇಳಿದವ್ನು ನಾನೇ, ಮತ್ತೆ ಬಂದೆ. ಭಾನುವಾರ ಮಾಡಿದ್ವಿ. ಕೇಬಲ್ಲು ಅಟ್ಟದ ಮೇಲಿಂದ ತಗೊಂಡೋದೆ, ಗೋಡೆ ಮುಟ್ಟೋ ಹಂಗೇ ಬರ್ಲಿಲ್ಲ. ರೌಟರ್ ಅಡಾಪ್ಟರ್ ಕಾಣೆ, ಸೆಟ್‌ಟಾಪ್ ಬಾಕ್ಸಿಂದು ಹಾಕಕ್ಕೆ ಹೋಗಿದ್ದೆ, ಪಿನ್ನು ಸರಿಯಾಗಿ ಕೂರ್ತಿತ್ತು, ಪುಣ್ಯಕ್ಕೆ ಓದಿ ನೋಡ್ದೆ, ಅದು 12 ವೋಲ್ಟು, ರೌಟರ್‌ಗೆ ಬೇಕಾಗಿದ್ದು 9. ಪೇಟೇಲಿ ಹೊಸದು ತಂದೆ. ಈಗ ಹಿಂದಿನ ರೂಮಲ್ಲಿ ಪೂರ್ತಿ ಪಾಯಿಂಟು. ಎರಡು ಅನುಮಾನ: ಪ್ಲ್ಯಾನ್ 150 ಇದೆ, ಹಳೇ ರೌಟರ್‌ಗೆ ಲ್ಯಾಪ್‌ಟಾಪ್ ವಯರ್ ಸಿಕ್ಸಿ ನೋಡಿದ್ರೂ 94 ದಾಟ್ತಿಲ್ಲ. ಮತ್ತೆ ತಂಗಿ ಜಗಲಿಯಿಂದ ರೂಮಿಗೆ ಬಂದ್ರೂ ಫೋನು ಜಗಲಿ ಡಬ್ಬಾನೇ ಹಿಡ್ಕೊಂಡು ಕೂರುತ್ತೆ.

*

94 ಬರ್ತಿದ್ರೆ ನಿಮ್ಮ ಕೆಲ್ಸ ಕರೆಕ್ಟಾಗಿದೆ, ಹಳೇ ರೌಟರ್ ಪೋರ್ಟೇ 100ರದ್ದು, ಅದಕ್ಕಿಂತ ಜಾಸ್ತಿ ಅದು ಕೊಡಲ್ಲ. ವೀಡಿಯೋ ಮೀಟಿಂಗಿಗೆ ನಾಲ್ಕೈದು ಇದ್ರೂ ನಡೆಯುತ್ತೆ ಬಿಡಿ. ಮುಂದೆ ಗಿಗಾಬಿಟ್ (1000ದ ಪೋರ್ಟಿನ) ರೌಟರ್ ಹಾಕಿದ ಮೇಲೂ 94ಕ್ಕೇ ನಿಂತ್ರೆ ಆಗ ಕೇಬಲ್ ತುದಿ ನೋಡಿ, 100ಕ್ಕೆ 1, 2, 3, 6 ಈ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಕ್ರಿಂಪ್ ಮಾಡೋವಾಗ (ತುದಿಗೆ ಕನೆಕ್ಟರ್ ಒತ್ತಿ ಕೂರ್ಸೋವಾಗ) ನೀಲಿನೋ ಕಂದುನೋ ಒಂದು ತಂತಿ ಕನೆಕ್ಟರಿನ ತುದಿವರೆಗೆ ಹೋಗದೆ ಗಿಡ್ಡ ನಿಂತಿರುತ್ತೆ, ಬೆಳಕಿಗೆ ಹಿಡಿದ್ರೆ ಕಾಣ್ಸುತ್ತೆ.

ಫೋನು ಅಂಟ್ಕೊಳ್ಳೋದಕ್ಕೆ, ಯಾವ ಡಬ್ಬ ಹಿಡೀಬೇಕು ಅನ್ನೋದು ಫೋನಿನ ತೀರ್ಮಾನ, ರೌಟರಿಂದಲ್ಲ. ಜಗಲಿ ಡಬ್ಬದಲ್ಲಿ ಟ್ರಾನ್ಸ್‌ಮಿಟ್ ಪವರ್ ಅಂತ ಇದ್ರೆ ಒಂದು ಹಂತ ಕಮ್ಮಿ ಮಾಡಿ ನೋಡಿ, ಅಡುಗೆಮನೆ ದಾಟೋ ಹೊತ್ತಿಗೆ ಅದೇ ಕೈ ಬಿಡುತ್ತೆ. ಆ ಆಪ್ಷನ್ ಇಲ್ಲಾಂದ್ರೆ ರೂಮಿಗೆ ಬಂದ್ಮೇಲೆ ವೈಫೈ ಒಂದ್ಸಲ ಆಫ್ ಮಾಡಿ ಆನ್ ಮಾಡೋದೇ, ನಮ್ಮನೇಲೂ ಅದೇ ನಡೀತಿದೆ.