ಹ್ಯಾಮೈಟಿಸ್ ಮೇಲೆ ಬಿಳಿ-ಹಳದಿ ಪುಡಿ, ಒರೆಸಿದರೂ ಮತ್ತೆ ಬರ್ತಾ ಉಂಟು

ಕಡಲಕೊಕ್ಕೆ (ಮಂಗಳೂರು):
ಒಂದು ಹ್ಯಾಮೈಟಿಸ್ ಉಂಟು, ಕೊಕ್ಕೆಯ ಹಾಗೆ ಬಾಗಿದ ಅಮೊನೈಟ್ (ಚಿಪ್ಪಿದ್ದ ಹಳೇ ಕಡಲಜೀವಿ) ಪಳೆಯುಳಿಕೆ. ಮೂರು ಶಾಫ್ಟ್ (ನೇರ ಭಾಗ), ಎರಡೂ ತಿರುವು ಪೂರ್ತಿ ಉಳಿದಂಥದ್ದು. ಮಳೆ ಹಿಡಿದ ಮೇಲೆ ಅದರ ಮೈಮೇಲೆ ಬಿಳಿ-ಹಳದಿ ಪುಡಿ ಏಳ್ಲಿಕ್ಕೆ ಶುರುವಾಯ್ತು. ಒಣ ಬ್ರಶ್‌ನಲ್ಲಿ ಉದುರಿಸಿದರೆ ವಾರದೊಳಗೆ ಮತ್ತೆ ಹಾಜರು. ಈಗ ನಡುವಿನ ಶಾಫ್ಟ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಸಹ ಕಾಣ್ತಾ ಉಂಟು. ಸಿಲಿಕಾ ಜೆಲ್ ಇಟ್ಟಾಯ್ತು, ಎಂತದೂ ಪ್ರಯೋಜನ ಇಲ್ಲ. ತಿರುವಿನಲ್ಲಿ ಮುರಿಯದ ಪೀಸ್ ಇನ್ನೊಂದು ಸಿಗುವುದು ಸುಲಭ ಅಲ್ಲ. ಯಾರಾದ್ರೂ ಬೇಗ ಹೇಳಿ ಮಾರಾಯ್ರೆ.

ಸುಣ್ಣಕಲ್ಲು:
ಇದು ಉಪ್ಪು, ಬೇರೇನಲ್ಲ. ಡಿಸ್ಟಿಲ್ಡ್ ನೀರಿನಲ್ಲಿ ಮುಳುಗಿಸಿಡಿ, ದಿನಕ್ಕೊಮ್ಮೆ ನೀರು ಬದಲಿಸಿ. ಬದಲಿಸುವ ಮುಂಚೆ ಟಿಡಿಎಸ್ ಮೀಟರ್ ಅದ್ದಿ ನೋಡಿ. ಹೊಸ ನೀರಿಗೂ ಹಳೆ ನೀರಿಗೂ ವ್ಯತ್ಯಾಸ ಬರದೇ ಇದ್ದಾಗ ಕೆಲಸ ಮುಗಿಯಿತು. ನಲ್ಲಿ ನೀರು ಬೇಡ.

ಗಂಧಕಗಣಿ:
ದಯವಿಟ್ಟು ನೀರಿಗೆ ಹಾಕಬೇಡಿ. ಮೊದಲು ಇಷ್ಟು ಹೇಳಿ: ಎಲ್ಲಿಯ ಪೀಸ್? ಒಡೆದ ಜಾಗದಲ್ಲಿ ಒಳಗಿನ ಬಣ್ಣ ಏನು? ವಾಸನೆ ಇದೆಯೇ? ಮೇಲೆ ಏನಾದರೂ ಹಚ್ಚಿದ್ದೀರಾ? ಎಲ್ಲಿ ಇಟ್ಟಿದ್ದೀರಿ? ಸಿಲಿಕಾ ಜೆಲ್ ಎಷ್ಟು ಗ್ರಾಂ, ಯಾವ ಡಬ್ಬಿಯಲ್ಲಿ?

ಕಡಲಕೊಕ್ಕೆ:
ಇದು ಗಾಲ್ಟ್ ಕ್ಲೇ ಅಂತ ಹೇಳುವ ಜೇಡಿ ಪದರದ್ದು. ಇಂಗ್ಲೆಂಡಿನ ಫೋಕ್‌ಸ್ಟನ್, ಕಾಪ್ಟ್ ಪಾಯಿಂಟ್ ಕೆಳಗೆ ದಡದಲ್ಲಿ ಬಿದ್ದದ್ದು. ಒಳಗೆ ಹಿತ್ತಾಳೆ ಬಣ್ಣ, ಹೊರಗೆ ಅಲ್ಲಲ್ಲಿ ಮುತ್ತಿನ ಹೊಳಪಿನ ಪದರ ಉಂಟು. ಬೆಂಕಿಪೊಟ್ಟಣ ತೆರೆದಾಗ ಬರುವಂಥ ವಾಸನೆ ಸ್ವಲ್ಪ.

ಸುಣ್ಣಕಲ್ಲು:
ದಡದಲ್ಲಿ ಬಿದ್ದದ್ದು! ನಾನು ಹೇಳಿದ್ದು ಅದೇ. ಸಮುದ್ರದ ನೀರು ಹೀರಿಕೊಂಡ ಪಳೆಯುಳಿಕೆ ಒಣಗುವಾಗ ಉಪ್ಪು ಹೊರಗೆ ಬಂದು ಹರಳುಗಟ್ಟುತ್ತದೆ, ಹರಳು ಬೆಳೆಯುತ್ತಾ ಪದರವನ್ನು ಎತ್ತುತ್ತದೆ.

ಗಂಧಕಗಣಿ:
ಹಿತ್ತಾಳೆ ಬಣ್ಣ ಮತ್ತು ಗಂಧಕದ ವಾಸನೆ ಒಟ್ಟಿಗೆ ಬಂದರೆ ಮೊದಲು ನೋಡಬೇಕಾದ್ದು ಪೈರೈಟ್, ಅಂದರೆ ಕಬ್ಬಿಣ-ಗಂಧಕ ಸೇರಿದ ಖನಿಜ. ಪೈರೈಟ್‌ಗೆ ಗಾಳಿಯ ಆಮ್ಲಜನಕ ಮತ್ತು ತೇವ ಸಿಕ್ಕಿದರೆ ಕಬ್ಬಿಣದ ಸಲ್ಫೇಟ್ ಮತ್ತು ಗಂಧಕಾಮ್ಲ ಆಗುತ್ತದೆ. ನೀರನ್ನು ಹಿಡಿದಿಟ್ಟುಕೊಂಡ ಆ ಸಲ್ಫೇಟ್ ಪೈರೈಟ್‌ಗಿಂತ ಹೆಚ್ಚು ಜಾಗ ಕೇಳುತ್ತದೆ, ಅದಕ್ಕೇ ಬಿರುಕು. ಆಮ್ಲ ಹೋಗಿ ಚಿಪ್ಪಿನ ಅರಗೊನೈಟ್ (ಸುಣ್ಣದ ಖನಿಜ) ತಿಂದು ಜಿಪ್ಸಮ್ ಮಾಡುತ್ತದೆ. ಗಾಲ್ಟ್‌ನಲ್ಲಿ ಮುತ್ತಿನ ಪದರ ಮೊದಲು ಹೋಗುವುದು ಹೀಗೆ. ಕಣ್ಣಿಗೆ ಹರಳಾಗಿ ಹೊಳೆಯುವ ಪೈರೈಟ್ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಸೂಕ್ಷ್ಮ ಕಣಗಳ ಗೊಂಚಲಾಗಿರುವ ಪೈರೈಟ್‌ಗೆ ಗಾಳಿ ತಾಗುವ ಮೈ ಜಾಸ್ತಿ, ಅದು ಬೇಗ ಕೆಡುತ್ತದೆ. ತೇವಾಂಶ ಶೇ 60 ದಾಟಿದರೆ ವೇಗ ಜೋರಾಗುತ್ತದೆ. ಮಂಗಳೂರಿನ ಮಳೆಗಾಲ ಶೇ 85 ದಾಟುತ್ತದೆ.

ವಾದ ಬೇಡ, ಪರೀಕ್ಷೆ ಮಾಡಿ. ಪುಡಿ ಒಂದು ಚಿಟಿಕೆ ಗಾಜಿನ ಮೇಲೆ ಉದುರಿಸಿ, ಒಂದು ಹನಿ ಡಿಸ್ಟಿಲ್ಡ್ ನೀರು, ಅದಕ್ಕೆ ಪಿಎಚ್ ಪೇಪರ್. ಬರೀ ಉಪ್ಪಾದರೆ 6-7ರ ಆಸುಪಾಸು. ಪೈರೈಟ್ ಆದರೆ 3ಕ್ಕಿಂತ ಕೆಳಗೆ. ಪೀಸ್ ಮೇಲೆ ನೀರು ಹಾಕಬೇಡಿ, ಉದುರಿದ ಪುಡಿಗೆ ಮಾತ್ರ.

ಮಲಪ್ರಭಾ_ಕಲ್ಲು (ಧಾರವಾಡ):
ನಮ್ಮ ಕಡೆಯಿಂದ ಹತ್ರ ಅಂದ್ರ ತಮಿಳುನಾಡಿನ ಕಾರೈ ಜೇಡಿ ಪದರದ ಟರ್ರಿಲೈಟಿಸ್ ಅನ್ನೋ ಅಮೊನೈಟ್. ಬಸವನಹುಳದ ಗೋಪುರ ಇದ್ದಂಗ ಸುತ್ತಿಕೊಂಡಿರ್ತಾವು. ಫಾಸ್ಫೇಟ್ ಗಂಟು ನೋಡ್ರಿ, ಪೈರೈಟ್ ತ್ರಾಸ ಇಲ್ಲ. ಆದ್ರ ಆ ಜೇಡಿ ತುಂಬ ಜಿಪ್ಸಮ್ ಎಳೆ, ಅದು ಬಿರುಕಿನೊಳಗ ಕುಂತಿರ್ತದ. ಪಳೆಯುಳಿಕೆ ತಜ್ಞ ಸ್ಟೊಲಿಜ್ಕಾ 1860ರ ದಶಕದಾಗ ವಿವರಿಸಿದ ಅಮೊನೈಟ್‌ಗಳು ಅದೇ ಸೀಮೆಯವು. ಮುಟ್ಟೋಕ್ಕಿಂತ ಮುಂಚೆ ಅಲ್ಲಿ ತೆಗೀಲಿಕ್ಕೆ ಅನುಮತಿ ಐತೋ ಇಲ್ಲೋ ವಿಚಾರಿಸಿಕೊಳ್ರಿ. ಫೋಟೋ ಹಾಕಿದ್ರ ಇನ್ನೊಂದು ಮಾತು ಹೇಳಬಹುದು. ಇದು ಹ್ಯಾಮೈಟಿಸ್ ಹೌದಾ, ಅದರಂಗ ಕಾಣೋ ಇನ್ನೊಂದು ಅಮೊನೈಟ್ ಅನಿಸೊಸೆರಸ್ ಅಲ್ಲಾ?

ಕಡಲಕೊಕ್ಕೆ:
ಚಿಪ್ಪಿನ ಮೇಲೆ ಗಂಟು ಇಲ್ಲ, ಬರೀ ಉಂಗುರದಂಥ ಏಣು. ಹ್ಯಾಮೈಟಿಸೇ.

ಮಲಪ್ರಭಾ_ಕಲ್ಲು:
ಹಂಗಾದ್ರ ಸರಿ. ಅನಿಸೊಸೆರಸ್‌ಗೆ ಏಣಿನ ಮ್ಯಾಲ ಸಾಲು ಗಂಟು, ಮುಳ್ಳು ಇರ್ತಾವು. ಜೇಡಿ ಕೆರೆಯೋವಾಗ ಮುಳ್ಳಿನ ಬುಡ ಹಾರಿಹೋಗಿ ಬರೀ ಗುಳಿ ಉಳಿದಿರ್ತದ, ಅದಕ್ಕ ಮಸೂರ ಹಿಡಿದು ನೋಡ್ರಿ. ಹ್ಯಾಮೈಟಿಸ್ ಅನ್ನೋ ಹೆಸರು 1811ರಾಗ ಜೇಮ್ಸ್ ಪಾರ್ಕಿನ್ಸನ್ ಕೊಟ್ಟದ್ದು, ಪಾರ್ಕಿನ್ಸನ್ ಕಾಯಿಲೆಯ ಅದೇ ವೈದ್ಯ.

ಸುಣ್ಣಕಲ್ಲು:
ಹೆಸರಿನ ಚರ್ಚೆ ಬೇರೆ ಕಡೆ ಇಟ್ಟುಕೊಳ್ಳೋಣ. ಪಿಎಚ್ ಏನು ಬಂತು?

ಕಡಲಕೊಕ್ಕೆ:
2. ಪೇಪರ್ ಕೆಂಪಾಯ್ತು. ಸಿಲ್ವರ್ ನೈಟ್ರೇಟ್ ಸಹ ಇತ್ತು, ಪುಡಿಯ ನೀರಿಗೆ ಒಂದೆರಡು ಹನಿ ನೈಟ್ರಿಕ್ ಆಮ್ಲ ಬಿಟ್ಟು ಅದನ್ನೂ ಹಾಕಿದೆ. ಬಿಳಿ ಮೊಸರಿನಂತೆ ಹೆಪ್ಪುಗಟ್ಟಿತು.

ಸುಣ್ಣಕಲ್ಲು:
ಹೆಪ್ಪುಗಟ್ಟಿತೆಂದರೆ ಕ್ಲೋರೈಡ್. ಉಪ್ಪು ಇದ್ದೇ ಇದೆ.

ಗಂಧಕಗಣಿ:
ಎರಡೂ ಇವೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಪೈರೈಟ್‌ಗೆ ಬೇಕಾದ ನೀರನ್ನು ಅದೇ ತಂದುಕೊಡುತ್ತದೆ. ಆದರೆ ಪಿಎಚ್ 2 ಬಂದ ಪೀಸ್‌ನ ಉಪ್ಪು ತೆಗೆಯಲು ನೀರಲ್ಲಿ ನೆನೆಸಿದರೆ ಆಮ್ಲ ಕರಗಿ ಚಿಪ್ಪಿನ ತುಂಬ ಹರಡುತ್ತದೆ. ಗಾಲ್ಟ್ ಜೇಡಿಯಂತೂ ನೀರಿನಲ್ಲಿ ಬಿರಿದು ಕೆಸರಾಗುತ್ತದೆ, ಜೇಡಿ ಹಿಡಿದಿಟ್ಟ ಶಾಫ್ಟ್‌ಗೆ ಆಧಾರವೇ ಇರುವುದಿಲ್ಲ. ಲೇಪನ ಮತ್ತು ಜಾಗದ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಕಡಲಕೊಕ್ಕೆ:
ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ಉಂಟು. ಇಟ್ಟದ್ದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಶೋಕೇಸ್‌ನಲ್ಲಿ, ಗಾಜಿನ ಬಾಗಿಲು. ಸಿಲಿಕಾ ಜೆಲ್ ಶೂ ಡಬ್ಬಿಯೊಳಗೆ ಬರ್ತದಲ್ಲ, ಆ ಪೊಟ್ಟಣ ಮೂರು.

ಏಣುಸುತ್ತು (ಮೈಸೂರು):
ಎಂಡಿಎಫ್ ಅಂದಮೇಲೆ ಬೈನ್ ರೋಗ ಇರಬಹುದಲ್ಲವೇ ಸರ್? ಮರದ ಹಲಗೆ, ಎಂಡಿಎಫ್ ಹೊರಬಿಡುವ ಅಸಿಟಿಕ್, ಫಾರ್ಮಿಕ್ ಆಮ್ಲದ ಆವಿ ಚಿಪ್ಪಿನ ಸುಣ್ಣಕ್ಕೆ ತಾಗಿ ಬಿಳಿ ಪುಡಿ ಏಳುತ್ತದೆ. ಶಂಖ-ಕವಡೆ ಸಂಗ್ರಹಗಳಲ್ಲಿ ಇದು ಮಾಮೂಲು.

ಗಂಧಕಗಣಿ:
ಒಳ್ಳೆ ಅನುಮಾನ, ಆದರೆ ಬೈನ್‌ನ ಪುಡಿ ಕ್ಯಾಲ್ಸಿಯಂನ ಲವಣ, ಇಷ್ಟು ಆಮ್ಲೀಯ ಇರುವುದಿಲ್ಲ. ವಾಸನೆ ಇದ್ದರೆ ವಿನೆಗರ್‌ನದು. ಹೇಗೂ ಎಂಡಿಎಫ್‌ನಿಂದ ಹೊರಗೆ ತೆಗೆಯಲೇಬೇಕು.

ನೈಲ್ ಪಾಲಿಶ್ ಗಾಳಿ-ತೇವವನ್ನು ಪೂರ್ತಿ ತಡೆಯುವುದಿಲ್ಲ. ಒಳಗಿನ ಆಮ್ಲವನ್ನು ಮಾತ್ರ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಔಷಧಿಯೂ ಒಳಗೆ ಇಳಿಯದು. ಅದನ್ನು ಅಸಿಟೋನ್‌ನಲ್ಲಿ ತೆಗೆಯಿರಿ. ಹತ್ತಿಯನ್ನು ಉಜ್ಜದೆ ಒತ್ತಿ ಎತ್ತಬೇಕು. ಮುತ್ತಿನ ಪದರ ಇರುವಲ್ಲಿ ತೆಳು ಬ್ರಶ್‌ನಿಂದ ಹನಿ ಬಿಟ್ಟು ಟಿಶ್ಯೂನಲ್ಲಿ ಹೀರಿಸಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ ಬೇಡ.

ಇಷ್ಟಾದ ಮೇಲೆ ಔಷಧಿ: ಆಮ್ಲ ಶಮನ ಮಾಡುವ ಎಥನೋಲಮೈನ್ ಥಯೋಗ್ಲೈಕೊಲೇಟ್, ಎಥನಾಲ್ ಅಥವಾ ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಶೇ 3ರಿಂದ 5. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ 1980ರ ದಶಕದಲ್ಲಿ ರೂಢಿಗೆ ಬಂದ ವಿಧಾನ. ಕಬ್ಬಿಣದ ಸಲ್ಫೇಟ್ ಸಿಕ್ಕ ಕಡೆ ದ್ರಾವಣ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ದಟ್ಟವಾದರೆ ಸುರಿದು ಹೊಸದು ಹಾಕಿ. ಬಣ್ಣ ಬರುವುದು ನಿಂತಾಗ ಹೊರಗೆ ತೆಗೆದು ಬರೀ ಎಥನಾಲ್‌ನಲ್ಲಿ ಎರಡು ಮೂರು ಸಲ ತೊಳೆದು ನೆರಳಲ್ಲಿ ಒಣಗಿಸಿ. ರಾತ್ರಿಯಿಡೀ ಮರೆತು ಬಿಡುವಂಥದ್ದಲ್ಲ. ಮುಳುಗಿಸಲು ಧೈರ್ಯ ಇಲ್ಲದಿದ್ದರೆ ಅದೇ ದ್ರಾವಣವನ್ನು ಸೆಪಿಯೊಲೈಟ್ (ದ್ರವ ಹೀರುವ ಜೇಡಿ) ಪುಡಿಯಲ್ಲಿ ಕಲಸಿ ಪೇಸ್ಟ್ ಮಾಡಿ, ಕೆಟ್ಟ ಭಾಗಕ್ಕೆ ಮಾತ್ರ ಮೆತ್ತಿ. ನಾತ ಜೋರು, ಕೈಗವಸು ಕಡ್ಡಾಯ.

ಏಣುಸುತ್ತು:
ಅದು ನಮ್ಮಲ್ಲಿ ಚಿಲ್ಲರೆಯಾಗಿ ಸಿಗುವುದು ಕಷ್ಟ. ಅಮೋನಿಯಾ ಆವಿ ಸಾಲದೇ? ಅಮೋನಿಯಾ ದ್ರಾವಣವನ್ನು ಪಿಇಜಿ 400ರಲ್ಲಿ (ಪಾಲಿಎಥಿಲೀನ್ ಗ್ಲೈಕಾಲ್ ಎಂಬ ದ್ರವ) ಬೆರೆಸಿ ಡಬ್ಬಿಯ ತಳದಲ್ಲಿಟ್ಟು, ಪೀಸನ್ನು ಮೇಲೆ ಪ್ಲಾಸ್ಟಿಕ್ ಜಾಲರಿಯಲ್ಲಿ ಇಡುವುದು. ಪಿಇಜಿ ನೀರಿನ ಆವಿಯನ್ನು ಹಿಡಿದುಕೊಳ್ಳುವುದರಿಂದ ಒಳಗೆ ತೇವ ಏರುವುದಿಲ್ಲ.

ಗಂಧಕಗಣಿ:
ಆಮ್ಲ ಶಮನ ಆಗುತ್ತದೆ, ಆದರೆ ಅದರಿಂದ ಹುಟ್ಟಿದ ಲವಣ ಅಲ್ಲೇ ಉಳಿಯುತ್ತದೆ, ಪೀಸ್ ಕಂದುಬಣ್ಣಕ್ಕೆ ತಿರುಗುತ್ತದೆ. ಬೇರೆ ಸಿಗದಿದ್ದರೆ ಇದು ನಡೆಯುತ್ತದೆ.

ಸುತ್ತಿಗೆಕೈ:
ನಂಜುನಾಶಕದಲ್ಲಿ ಒರೆಸಿದರೆ ಆಗದಾ? ಈ ರೋಗ ಬ್ಯಾಕ್ಟೀರಿಯಾದಿಂದ, ಪಕ್ಕದ ಪೀಸಿಗೂ ಅಂಟುತ್ತೆ ಅಂತ ಹೇಳ್ತಾರೆ.

ಗಂಧಕಗಣಿ:
ಅದು ಹಳೆಯ ನಂಬಿಕೆ. ಆ ಬ್ಯಾಕ್ಟೀರಿಯಾ ಕೆಲಸ ಮಾಡಬೇಕಾದರೆ ತೇವಾಂಶ ಶೇ 95 ಮೇಲಿರಬೇಕು, ಸಂಗ್ರಹದ ಕಪಾಟಿನಲ್ಲಿ ನಡೆಯುವುದು ಬರೀ ರಸಾಯನ. ಅಂಟುರೋಗವಲ್ಲ, ಆದರೆ ಆಮ್ಲದ ಪುಡಿ ಬಿದ್ದ ಕಡೆ ಲೇಬಲ್ ಸುಡುತ್ತದೆ, ಪಕ್ಕದ ಚಿಪ್ಪು ಕೊರೆಯುತ್ತದೆ. ಬೇರೆ ಬೇರೆ ಡಬ್ಬಿಯಲ್ಲಿ ಇಡಿ, ಲೇಬಲ್‌ನ ನಕಲು ಮಾಡಿಟ್ಟುಕೊಳ್ಳಿ.

ಸುತ್ತಿಗೆಕೈ:
ಸರಿ. ನನ್ನ ಕಡೆ 50 ಲೀಟರ್ ಟ್ಯಾಂಕಿನ ಕಂಪ್ರೆಸರ್ ಇದೆ, ಜೊತೆಗೆ ಏರ್ ಸ್ಕ್ರೈಬ್ (ಗಾಳಿಯಿಂದ ನಡೆಯುವ ಕೆತ್ತುವ ಉಳಿ) ಮತ್ತು ಕಬ್ಬಿಣದ ಪುಡಿ ಎರಚುವ ಗನ್. ಆ ಸಲ್ಫೇಟ್ ಎಲ್ಲ ನಿಮಿಷದಲ್ಲಿ ಹಾರಿಸಬಹುದು. ರಷ್ಯಾದ ವೋಲ್ಗಾ ಕಡೆಯ ಅವ್ಡೂಲಿಸೆರಸ್ ಅಮೊನೈಟ್ ಇದರಲ್ಲೇ ಬಿಡಿಸಿದ್ದು, ಒಳಸುತ್ತು ಸಮೇತ.

ಮಲಪ್ರಭಾ_ಕಲ್ಲು:
ಗಾಲ್ಟ್‌ಗೆ ಅದು ಬ್ಯಾಡ್ರಿ. ಕಬ್ಬಿಣದ ಪುಡಿ ಬಿರುಕಿನಾಗ ಸಿಕ್ಕೊಂಡು ಮುಂದ ತುಕ್ಕು ಹಿಡಿತದ. ಎರಚಲೇಬೇಕಂದ್ರ ಡಾಲಮೈಟ್ ಪುಡಿ, ಕಡಿಮಿ ಒತ್ತಡ. ಈ ಜೇಡಿಗೆ ಸೂಜಿ, ಮೆತ್ತನ ಬ್ರಶ್ ಸಾಕು.

ಕಡಲಕೊಕ್ಕೆ:
ಕಂಪ್ರೆಸರ್ ಸಂಗತಿ ಬಿಡಿ. ಬಿರುಕಿಗೆ ಫೆವಿಕ್ವಿಕ್ ಬಿಡ್ಲಾ? ಮತ್ತೆ ಡಬ್ಬಿಗೆ ಜೆಲ್ ಎಷ್ಟು?

ಗಂಧಕಗಣಿ:
ಫೆವಿಕ್ವಿಕ್ ಬೇಡ, ಬಿಡಿಸುವುದು ಕಷ್ಟ. ಔಷಧಿ, ತೊಳೆಯುವುದು, ಒಣಗುವುದು ಮುಗಿದ ಮೇಲೆ ಪ್ಯಾರಲಾಯ್ಡ್ ಬಿ-72 (ಮತ್ತೆ ಕರಗಿಸಿ ತೆಗೆಯಬಹುದಾದ ಅಕ್ರಿಲಿಕ್ ಅಂಟು), ಅಸಿಟೋನ್‌ನಲ್ಲಿ ಶೇ 5, ಬಿರುಕಿನ ಬಾಯಿಗೆ ಹನಿಹನಿಯಾಗಿ. ಗಟ್ಟಿಯಾಗಿ ಕಲಸಿದರೆ ಮೇಲೇ ನಿಂತು ಹೊಳೆಯುತ್ತದೆ. ಅಂಟಿಸಬೇಕಾದ ಮುರುಕಿಗೆ ಮಾತ್ರ ಶೇ 40ರ ಸುತ್ತ.

ಜೆಲ್‌ಗೆ ಮ್ಯೂಸಿಯಂ ಲೆಕ್ಕ ಘನ ಮೀಟರಿಗೆ 20 ಕಿಲೋ. 10 ಲೀಟರಿನ ಡಬ್ಬಿಗೆ 200 ಗ್ರಾಂ ಆಯಿತು. ಶೂ ಡಬ್ಬಿಯ ಪೊಟ್ಟಣ ಗಾಳಿಯಾಡುವ ಶೋಕೇಸ್‌ಗೆ ಏನೂ ಅಲ್ಲ. ನಾಲ್ಕು ಕಡೆ ಕ್ಲಿಪ್, ಮುಚ್ಚಳಕ್ಕೆ ರಬ್ಬರ್ ಸುತ್ತು ಇರುವ ಅಡುಗೆಮನೆ ಡಬ್ಬಿ ಸಾಕು. ಕಿತ್ತಳೆ ಜೆಲ್ ಬಣ್ಣ ಬದಲಾದರೆ ಓವನ್‌ನಲ್ಲಿ 110-120 ಡಿಗ್ರಿಗೆ ಕಾಯಿಸಿ, ಮುಚ್ಚಿಟ್ಟು ತಣಿಸಿ ಮತ್ತೆ ಹಾಕಿ. ಬರೀ ಪೈರೈಟ್ ಆದರೆ ಡಬ್ಬಿಯೊಳಗೆ ತೇವಾಂಶ ಶೇ 30 ಒಳ್ಳೆಯದು, ಆದರೆ ನಿಮ್ಮ ಪೀಸಿಗೆ ಜೇಡಿ ಅಂಟಿದೆ, ತೀರಾ ಒಣಗಿದರೆ ಅದು ಸೀಳುತ್ತದೆ. 40-45ರಲ್ಲಿ ನಿಲ್ಲಿಸಿ.

ಏಣುಸುತ್ತು:
ತೇವಾಂಶ ಅಳೆಯುವ ಹೈಗ್ರೋಮೀಟರ್ ನಂಬುವ ಮುಂಚೆ ಒಮ್ಮೆ ಪರೀಕ್ಷಿಸಿ. ಅಡುಗೆ ಉಪ್ಪನ್ನು ಒದ್ದೆ ಮರಳಿನಷ್ಟು ನೀರಲ್ಲಿ ಕಲಸಿ ಬಾಟಲಿ ಮುಚ್ಚಳದಲ್ಲಿ ಹಾಕಿ, ಮೀಟರ್ ಜೊತೆ ಜಿಪ್ ಕವರ್‌ನಲ್ಲಿ ಒಂದು ದಿನ ಇಡಿ. 75 ತೋರಿಸಬೇಕು. 80 ತೋರಿಸಿದರೆ 5 ಕಳೆದು ಓದಿಕೊಳ್ಳಿ.

ಸುಣ್ಣಕಲ್ಲು:
ಹಾಗಾದರೆ ಕ್ಲೋರೈಡ್ ಕಥೆ? ಎಥನಾಲ್‌ಗೆ ಉಪ್ಪು ಕರಗುವುದು ತೀರಾ ಕಡಿಮೆ. ಅದು ಒಳಗೇ ಉಳಿಯುತ್ತದೆ.

ಗಂಧಕಗಣಿ:
ಉಳಿಯುತ್ತದೆ. ಅಡುಗೆ ಉಪ್ಪು ನೀರಾಗಲು ಗಾಳಿಯ ತೇವಾಂಶ ಶೇ 75 ಬೇಕು. ಸಮುದ್ರದ ಮೆಗ್ನೀಸಿಯಂ ಕ್ಲೋರೈಡ್ ಶೇ 33ರಲ್ಲೇ ಒದ್ದೆಯಾಗುತ್ತದೆ, ಅದರ ಮೇಲೆ ಕಣ್ಣಿಡಬೇಕು. ತಿಂಗಳಿಗೊಮ್ಮೆ ತಿರುವಿನ ಒಳಬದಿಯನ್ನು ಮಸೂರದಲ್ಲಿ ನೋಡಿ, ಪುಡಿ ಕಂಡರೆ ಅದಕ್ಕೂ ಪಿಎಚ್ ಪೇಪರ್.

ಕಡಲಕೊಕ್ಕೆ:
ನೈಲ್ ಪಾಲಿಶ್ ಅಸಿಟೋನ್‌ಗೆ ಬಿಡ್ತಾ ಉಂಟು. ಸೆಪಿಯೊಲೈಟ್ ಇಲ್ಲಿ ಸಿಗುವ ಹಾಗೆ ಕಾಣುವುದಿಲ್ಲ. ಬದಲಿಗೆ ಟಾಲ್ಕ್ ಪುಡಿ ಆಗ್ತದಾ, ಇಲ್ಲ ಟಿಶ್ಯೂ ಪೇಪರ್ ತಿರುಳೇ ಒಳ್ಳೆಯದಾ?