ಮಗ ಅಧಿಕಾರಿಯಾಗಿ ಸೇನೆ ಸೇರಬೇಕೋ, ಅಗ್ನಿವೀರನಾಗಿಯೋ: ಬಲ್ಲವರ ಅನುಭವಗಳು

ಪ್ರಶ್ನೆ: ರೈತ ತಂದೆ, ಹುನಗುಂದ ತಾಲ್ಲೂಕು

ನನ್ನ ಮಗ ಬಾಗಲಕೋಟೆಯಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ಹದಿನೇಳೂವರೆ ವರ್ಷ ತುಂಬಿದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಸೇನೆ ಸೇರುವುದೊಂದೇ ಅವನ ಹಂಬಲ. ಅಗ್ನಿವೀರ ರ‍್ಯಾಲಿಗೆಂದು ನಸುಕಿನಲ್ಲಿ ಓಡುವ ಊರಿನ ಹುಡುಗರ ಜೊತೆ ಇವನೂ ಓಡುತ್ತಾನೆ. ಕಾಲೇಜಿನ ಉಪನ್ಯಾಸಕರು ಮಾತ್ರ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ ಬರೆಸಿರಿ, ಅಧಿಕಾರಿಯಾಗಲಿ ಎನ್ನುತ್ತಾರೆ. ನಮ್ಮದು ನಾಲ್ಕು ಎಕರೆ ಒಣಬೇಸಾಯ. ಸೊಸೈಟಿಯ ಸಾಲವಿದೆ, ಮಗಳ ಓದು ಇನ್ನೂ ಬಾಕಿ ಇದೆ. ಯಾವ ದಾರಿ ಹಿಡಿಸಬೇಕೆಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಸುಬೇದಾರ್, ಬೆಳಗಾವಿ

ನಾನು ಇಲ್ಲಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿಯೇ ತರಬೇತಿ ಪಡೆದು, ಸಿಪಾಯಿಯಾಗಿ ಸೇರಿ ಸುಬೇದಾರನಾಗಿ ನಿವೃತ್ತನಾದವನು. ಮೊದಲಿಗೆ ಒಂದು ಮಾತು. ಸಿಪಾಯಿಯ ಕೆಲಸ ಕೀಳು, ಅಧಿಕಾರಿಯ ಕೆಲಸ ಮೇಲು ಎಂಬ ಲೆಕ್ಕದಲ್ಲಿ ದಯವಿಟ್ಟು ಯೋಚಿಸಬೇಡಿರಿ. ಹೊಸದಾಗಿ ಬಂದ ಲೆಫ್ಟಿನೆಂಟ್ ಸಾಹೇಬರು ಪ್ಲಟೂನಿನ ಹವಾಲ್ದಾರನಿಂದ ಕಲಿತೇ ಮುಂದೆ ಬರುತ್ತಾರೆ. ಎರಡೂ ಬೇರೆ ಬೇರೆ ಕೆಲಸಗಳು. ಒಬ್ಬನು ಆಯುಧ ಹಿಡಿದು ಕಾರ್ಯವನ್ನು ಮಾಡಿ ಮುಗಿಸುತ್ತಾನೆ. ಇನ್ನೊಬ್ಬನು ಅಂಥ ಹಲವರ ಜೀವಕ್ಕೆ ಹೊಣೆಯಾಗಿ ನಿರ್ಧಾರ ತೆಗೆದುಕೊಳ್ಳುತ್ತಾನೆ.

ಆದರೆ ನಾನು ಸೇರಿದ ಕಾಲದ ಲೆಕ್ಕ ಈಗಿಲ್ಲ ಎಂಬುದನ್ನು ತಿಳಿಸುವುದು ನನ್ನ ಕರ್ತವ್ಯ. ಆಗ ಹದಿನೈದು ವರ್ಷ ಸೇವೆ ಮಾಡಿದರೆ ಪಿಂಚಣಿ ಖಚಿತವಿತ್ತು. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಸಿಪಾಯಿಯಾಗಲು ಬಯಸುವವರು ನಾಲ್ಕು ವರ್ಷದ ಅವಧಿಗೆ ಅಗ್ನಿವೀರರಾಗಿ ಸೇರುತ್ತಾರೆ. ಆ ಅವಧಿ ಮುಗಿದಾಗ ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನು ಕಾಯಂ ಸೇವೆಗೆ ಆರಿಸಿಕೊಳ್ಳುತ್ತಾರೆ. ಉಳಿದವರಿಗೆ ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಕಾಯಂ ಆದ ಸೈನಿಕನಿಗೆ ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿನ ಮೂಲಕ ಅಧಿಕಾರಿಯಾಗುವ ಬಾಗಿಲು ಇಂದಿಗೂ ತೆರೆದಿದೆ, ನಮ್ಮ ಪಲ್ಟನ್ನಿನಿಂದಲೂ ಹಾಗೆ ಹೋದವರಿದ್ದಾರೆ. ಆದರೆ ಅದು ನಾಲ್ವರಲ್ಲಿ ಒಬ್ಬನಾಗಿ ಉಳಿದುಕೊಂಡ ಮೇಲಿನ ಮಾತು. ಮೊದಲೇ ಅದನ್ನು ನಂಬಿ ಹೊರಡುವುದು ಸರಿಯಲ್ಲ.

ಉತ್ತರ: ಸೇವೆಯಲ್ಲಿರುವ ಅಧಿಕಾರಿ, ವಿಜಯಪುರ

ಸುಬೇದಾರ್ ಸಾಹೇಬರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನಾನು ಹೇಳಬೇಕಾದದ್ದು ವಯಸ್ಸಿನ ವಿಷಯ. ಎನ್‌ಡಿಎ ಸೇರಲು ಕೋರ್ಸ್ ಆರಂಭವಾಗುವ ಹೊತ್ತಿಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದ ಒಳಗಿರಬೇಕು. ಲಿಖಿತ ಪರೀಕ್ಷೆ ನಡೆಯುವುದು ಕೋರ್ಸಿಗೆ ತಿಂಗಳುಗಳ ಮೊದಲೇ. ಹೀಗಾಗಿ ನಿಮ್ಮ ಮಗನಿಗೆ ಉಳಿದಿರುವುದು ಬಹುಶಃ ಎರಡು ಅಥವಾ ಮೂರು ಅವಕಾಶಗಳು. ಅಗ್ನಿವೀರನಾಗಲು ಅವನಿಗೆ ಕನಿಷ್ಠ ಇಪ್ಪತ್ತೊಂದು ವರ್ಷದವರೆಗಾದರೂ ಸಮಯವಿದೆ. ಮೊದಲು ಮುಚ್ಚುವ ಬಾಗಿಲನ್ನು ಮೊದಲು ತಟ್ಟಲಿ ಎಂಬುದೇ ನನ್ನ ಸಲಹೆ. ಇದರಿಂದ ಎರಡನೆಯ ದಾರಿ ಕೈತಪ್ಪುವುದಿಲ್ಲ. ಅದನ್ನೇ ಮೊದಲು ಹಿಡಿದರೆ ಎನ್‌ಡಿಎ ಮತ್ತೆಂದೂ ಸಿಗುವುದಿಲ್ಲ.

ಸೈನಿಕ ಶಾಲೆಯಲ್ಲಿ ಓದಿದವರಿಗೆ, ಪಟ್ಟಣದಲ್ಲಿ ಇಂಗ್ಲಿಷಿನಲ್ಲಿ ಬೆಳೆದವರಿಗೆ ಮಾತ್ರ ಎನ್‌ಡಿಎ ಎಂಬ ನಂಬಿಕೆ ನಮ್ಮ ಜಿಲ್ಲೆಗಳಲ್ಲಿ ಬೇರೂರಿದೆ. 1963ರಿಂದ ವಿಜಯಪುರದಲ್ಲಿ ಸೈನಿಕ ಶಾಲೆ ಇರುವುದರಿಂದ, ಅಲ್ಲಿಂದ ಅಧಿಕಾರಿಗಳಾದವರು ನಮ್ಮ ಕಣ್ಣಿಗೆ ಹೆಚ್ಚು ಬೀಳುವುದರಿಂದ ಹಾಗೆ ಅನ್ನಿಸುವುದು ಸಹಜ. ನಾನು ಓದಿದ್ದು ಸಿಂದಗಿ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ. ಲಿಖಿತ ಪರೀಕ್ಷೆಯಲ್ಲಿ ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯ ಪತ್ರಿಕೆಗೆ 600 ಅಂಕಗಳಿವೆ. ಎರಡನೆಯದರಲ್ಲಿ ಇಂಗ್ಲಿಷಿನ ಪಾಲು 200. ತಪ್ಪು ಉತ್ತರಕ್ಕೆ ಮೂರನೆಯ ಒಂದು ಭಾಗ ಅಂಕ ಕಡಿತವಾಗುತ್ತದೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಪಿಯುಸಿ ಗಣಿತವನ್ನು ಮನಸ್ಸಿಟ್ಟು ಓದಿದವನಿಗೆ ಪಠ್ಯ ಹೊಸದಲ್ಲ, ವೇಗ ಮಾತ್ರ ಬೇಕು. ಕನ್ನಡ ಮಾಧ್ಯಮದವನು ಇಂಗ್ಲಿಷಿಗಾಗಿ ದಿನಪತ್ರಿಕೆಯ ಒಂದು ಲೇಖನವನ್ನು ಗಟ್ಟಿಯಾಗಿ ಓದಿ, ಅದರ ಸಾರವನ್ನು ಗೆಳೆಯನಿಗೆ ಇಂಗ್ಲಿಷಿನಲ್ಲಿಯೇ ಹೇಳುವ ರೂಢಿ ಮಾಡಿಕೊಳ್ಳಲಿ. ನನಗೆ ಫಲ ಕೊಟ್ಟದ್ದು ಇದೊಂದೇ ಅಭ್ಯಾಸ.

ನಿಜವಾದ ಪರೀಕ್ಷೆ ಎಸ್‌ಎಸ್‌ಬಿ, ಅಂದರೆ ಅಧಿಕಾರಿಗಳನ್ನು ಆರಿಸುವ ಮಂಡಳಿಯದು. ಅದಕ್ಕೂ 900 ಅಂಕ, ಐದು ದಿನ. ನಮ್ಮ ಕಡೆಯ ಹಲವರಿಗೆ ಬೆಂಗಳೂರಿನ ಕೇಂದ್ರಕ್ಕೆ ಕರೆ ಬರುತ್ತದೆ. ಮೊದಲ ದಿನ ಬುದ್ಧಿಮತ್ತೆಯ ಪ್ರಶ್ನೆಗಳು, ಬಳಿಕ ಮಸುಕಾದ ಚಿತ್ರವೊಂದನ್ನು ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚಿಸುವ ಕೆಲಸ. ಅಲ್ಲಿ ಬಾಯಿ ಬಿಡದೆ ಕುಳಿತವರು ಅದೇ ಸಂಜೆ ಮನೆಗೆ ಮರಳುತ್ತಾರೆ. ವ್ಯಾಕರಣ ತಪ್ಪೀತೆಂಬ ಅಂಜಿಕೆಯಿಂದ ಸುಮ್ಮನಾಗುವ ನಮ್ಮ ಹುಡುಗರನ್ನು ನೆನೆದರೆ ನನಗೆ ಬಹಳ ನೋವಾಗುತ್ತದೆ, ಏಕೆಂದರೆ ಅವರಲ್ಲಿ ಹೇಳುವುದಕ್ಕೆ ಸರಕು ಬೇಕಾದಷ್ಟಿರುತ್ತದೆ. ಉಳಿದವರಿಗೆ ಮುಂದಿನ ದಿನಗಳಲ್ಲಿ ಮನೋವೈಜ್ಞಾನಿಕ ಪರೀಕ್ಷೆಗಳು, ಮೈದಾನದ ಗುಂಪುಕಾರ್ಯಗಳು, ಸಂದರ್ಶನ. ಅರ್ಧ ತಾಸಿನಲ್ಲಿ 60 ಸನ್ನಿವೇಶಗಳಿಗೆ ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಬರೆಯುವ ಒಂದು ಪರೀಕ್ಷೆಯಿದೆ. ಕಾಲುವೆಯ ನೀರಿನ ಸರದಿಗಾಗಿ ರಾತ್ರಿ ಹೊಲದಲ್ಲಿ ಕಾದವನು, ಅಪ್ಪ ಊರಲ್ಲಿಲ್ಲದಾಗ ಎತ್ತಿಗೆ ಮದ್ದು ಕೊಡಿಸಿದವನು, ತಂಗಿಯ ಶಾಲೆಯ ದಾಖಲೆಗಾಗಿ ಕಚೇರಿ ಅಲೆದವನು ಅದಕ್ಕೆ ಬದುಕಿನಿಂದಲೇ ಉತ್ತರ ಬರೆಯಬಲ್ಲ. ಗಿಣಿಪಾಠದ ಉತ್ತರವನ್ನು ಅಲ್ಲಿಯ ಪರೀಕ್ಷಕರು ಕೂಡಲೇ ಗುರುತಿಸುತ್ತಾರೆ.

ಖರ್ಚಿನ ಮಾತು. ಅರ್ಜಿ ಶುಲ್ಕ 100 ರೂಪಾಯಿ. ಎನ್‌ಡಿಎ ಇರುವ ಪುಣೆ ಬಳಿಯ ಖಡಕವಾಸ್ಲಾದಲ್ಲಿ ಮೂರು ವರ್ಷ, ಭೂಸೇನೆಗಾದರೆ ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ ಮತ್ತೊಂದು ವರ್ಷ. ವಸತಿ, ಊಟ, ಪದವಿಯ ಓದು ಎಲ್ಲವೂ ಸರ್ಕಾರದ್ದು. ಸೇರುವಾಗ ಕೈಖರ್ಚು ಮತ್ತು ಉಡುಪಿಗೆಂದು ಸ್ವಲ್ಪ ಹಣ ಕಟ್ಟಬೇಕಾಗುತ್ತದೆ. ಕೊನೆಯ ವರ್ಷದಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಬರುತ್ತದೆ. ಆದರೆ ಅದಕ್ಕೂ ಮೊದಲಿನ ಮೂರು ವರ್ಷ ಅವನಿಂದ ಮನೆಗೆ ಹಣ ಬರುವುದಿಲ್ಲ. ಸಾಲದ ಕಂತನ್ನು ನೀವು ಅದನ್ನು ಗಮನದಲ್ಲಿಟ್ಟುಕೊಂಡೇ ಹೊಂದಿಸಿಕೊಳ್ಳಬೇಕು. ತರಬೇತಿಯನ್ನು ಸ್ವಇಚ್ಛೆಯಿಂದ ನಡುವೆ ಬಿಟ್ಟರೆ ಅದರ ವೆಚ್ಚವನ್ನು ವಸೂಲು ಮಾಡುವ ನಿಯಮವೂ ಇದೆ.

ಮರುಪ್ರಶ್ನೆ: ರೈತ ತಂದೆ

ಮೂರು ವರ್ಷ ಕಾಯುವುದು ನಮಗೆ ಸುಲಭವಲ್ಲ. ಅಗ್ನಿವೀರನಾಗಿ ಸೇರಿಕೊಂಡು, ಅಲ್ಲಿಂದಲೇ ಎನ್‌ಡಿಎಗೆ ಓದಬಹುದಲ್ಲ ಎಂದು ಮಗ ಹೇಳುತ್ತಾನೆ. ಅದು ಆಗುವ ಮಾತೇ?

ಉತ್ತರ: ಅಗ್ನಿವೀರನೊಬ್ಬನ ಅಣ್ಣ, ಅಥಣಿ

ನನ್ನ ತಮ್ಮ ಸೇವೆಯಲ್ಲಿದ್ದಾನೆ, ಮನೆಯ ಲೆಕ್ಕ ನೋಡುವವನು ನಾನು. ನಿಮ್ಮ ಮಗ ಅಂದುಕೊಂಡಂತೆ ಆಗುವುದು ಬಹಳ ಕಷ್ಟ. ತರಬೇತಿಯ ತಿಂಗಳುಗಳಲ್ಲಿ ದೇಹ ಹಾಸಿಗೆ ಕಂಡರೆ ಸಾಕೆನ್ನುತ್ತದೆ. ಬಳಿಕ ಘಟಕಕ್ಕೆ ಹೋದಾಗ ವರ್ಷಕ್ಕೆ 30 ದಿನ ರಜೆ. ಅದಕ್ಕಿಂತ ಮುಖ್ಯವಾಗಿ, ತೀರಾ ಅಸಾಧಾರಣ ಕಾರಣವಿಲ್ಲದೆ ನಾಲ್ಕು ವರ್ಷಕ್ಕೆ ಮೊದಲು ಬಿಡುಗಡೆ ಕೇಳಿದರೆ ಸಿಗುವುದಿಲ್ಲ.

ಹಣದ ವಿಷಯದಲ್ಲಿ ಮಾತ್ರ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ನಮ್ಮ ಮನೆಯ ನಿರ್ಧಾರವೂ ಅದರಿಂದಲೇ ಆಯಿತು. ಮೊದಲ ವರ್ಷ ತಿಂಗಳ ಪ್ಯಾಕೇಜ್ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಅದರಲ್ಲಿ ಶೇಕಡಾ 30ರಷ್ಟು ಅವಧಿಯ ಕೊನೆಗೆ ಮರಳಿ ಸಿಗುವ ಸೇವಾ ನಿಧಿಗೆ ಹೋಗುವುದರಿಂದ ಆರಂಭದಲ್ಲಿ ಕೈಗೆ ಬರುವುದು 21,000. ಊಟ, ವಸತಿಗೆ ಖರ್ಚಿಲ್ಲವಾದ್ದರಿಂದ ತಮ್ಮ ಹೆಚ್ಚಿನ ಪಾಲನ್ನು ಮನೆಗೆ ಕಳುಹಿಸಿದ, ಸೊಸೈಟಿಯ ಬಾಕಿ ತೀರಿತು. ಅವಧಿ ಮುಗಿದಾಗ ಸರ್ಕಾರದ ಸಮಪಾಲು ಸೇರಿ 10 ಲಕ್ಷಕ್ಕೂ ಸ್ವಲ್ಪ ಹೆಚ್ಚು, ಅದರ ಮೇಲೆ ಬಡ್ಡಿ ಸಿಗುತ್ತದೆ. ಸೇವೆಯ ಅವಧಿಗೆ 48 ಲಕ್ಷ ರೂಪಾಯಿಯ ವಿಮೆ ಇದೆ. ಈ ಮೊತ್ತವನ್ನು ಹೊಲದ ಖರ್ಚಿಗೆ, ಮದುವೆಗೆ ಎಂದು ಮೊದಲೇ ಮನಸ್ಸಿನಲ್ಲಿ ಹಂಚಿಬಿಡುವ ಮನೆಗಳನ್ನು ನಾನು ನೋಡುತ್ತಿದ್ದೇನೆ. ಅದು ಆ ಹುಡುಗನ ಮುಂದಿನ ಓದಿನ ಹಣವೆಂದು ಮೊದಲೇ ತೆಗೆದಿಡುವುದು ನ್ಯಾಯ.

ಹದಿನೆಂಟಕ್ಕೆ ಸೇರಿದವನು ಇಪ್ಪತ್ತೆರಡಕ್ಕೆ ಹೊರಬರುತ್ತಾನೆ. ಸೇವೆಯಲ್ಲಿರುವಾಗಲೇ ದೂರಶಿಕ್ಷಣದಲ್ಲಿ ಪದವಿಯನ್ನು ಒಂದು ಹಂತಕ್ಕೆ ತಂದುಕೊಂಡರೆ, ಪದವಿ ಮಟ್ಟದ ಸಿಡಿಎಸ್ ಪರೀಕ್ಷೆಯ ಮೂಲಕ ಅಧಿಕಾರಿಯಾಗಲು ಅವನಿಗೆ ಇನ್ನೂ ವಯಸ್ಸಿರುತ್ತದೆ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮಾಜಿ ಅಗ್ನಿವೀರರಿಗೆ ಮೀಸಲಾತಿಯೂ ಇದೆ. ತಮ್ಮ ಈಗ ಪದವಿ ಓದುತ್ತಿದ್ದಾನೆ, ನಿಧಾನವಾಗಿ.

ಉತ್ತರ: ಅಲ್ಪಾವಧಿ ಸೇವೆಯ ಮಹಿಳಾ ಅಧಿಕಾರಿ, ಜಮಖಂಡಿ

ಎನ್‌ಡಿಎ ಆಗದಿದ್ದರೆ ಅಗ್ನಿವೀರ ಎಂದು ಎರಡೇ ದಾರಿಗಳನ್ನು ಎಣಿಸುತ್ತಿದ್ದೀರಿ. ಪದವಿ ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಅದನ್ನು ಸೇರಿ ‘ಸಿ’ ಪ್ರಮಾಣಪತ್ರ ಪಡೆಯಲಿ. ಪದವಿಯಲ್ಲಿ ಶೇಕಡಾ 50 ಅಂಕವಿದ್ದರೆ ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಎಸ್‌ಎಸ್‌ಬಿಗೆ ಹೋಗುವ ವಿಶೇಷ ಪ್ರವೇಶ ಇಪ್ಪತ್ತೈದು ವರ್ಷದವರೆಗೂ ಇದೆ. ನಾನು ಹಾಗೆಯೇ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ ಸೇರಿದೆ. ಇದು ಹತ್ತು ವರ್ಷದ ಸೇವೆ, ಬೇಕಾದರೆ ನಾಲ್ಕು ವರ್ಷ ಮುಂದುವರಿಕೆ. ಈಗ ಎನ್‌ಡಿಎ ಹೆಣ್ಣುಮಕ್ಕಳಿಗೂ ತೆರೆದಿದೆ. ನಿಮ್ಮ ಮಗಳಿಗೂ ಈ ವಿಷಯ ಗೊತ್ತಿರಲಿ.

ಉತ್ತರ: ನಿವೃತ್ತ ಸುಬೇದಾರ್, ಬೆಳಗಾವಿ

ಒಂದು ವಿಷಯ ಬಿಟ್ಟುಹೋಗಿತ್ತು. ಹುಡುಗನ ಎತ್ತರ ಎಷ್ಟೆಂದು ನೀವು ಬರೆದಿಲ್ಲ. ಕರ್ನಾಟಕದ ಹುಡುಗರಿಗೆ ಅಗ್ನಿವೀರ ಜನರಲ್ ಡ್ಯೂಟಿಗೆ (ಸಾಮಾನ್ಯ ಸಿಪಾಯಿ ಕೆಲಸಕ್ಕೆ) 166 ಸೆಂಟಿಮೀಟರ್ ಬೇಕು, ಎನ್‌ಡಿಎ ಮೂಲಕ ಭೂಸೇನೆಗೆ 157 ಸಾಕು. ರ‍್ಯಾಲಿಯಲ್ಲಿ ಎತ್ತರ ಸಾಲದೆ ತಿರುಗಿ ಬಂದ ಹುಡುಗರು ಸೇನೆಯ ಆಸೆಯನ್ನೇ ಬಿಟ್ಟುಬಿಡುತ್ತಾರೆ. ಅವರಿಗೆ ಅಧಿಕಾರಿಯ ದಾರಿ ಇನ್ನೂ ತೆರೆದಿದೆ ಎಂದು ಹೇಳುವವರೇ ಇರುವುದಿಲ್ಲ. ಚಪ್ಪಟೆ ಪಾದ, ಮಂಡಿಗಳು ಒಂದಕ್ಕೊಂದು ತಾಗುವುದು, ಕಿವಿ, ಹಲ್ಲು, ಬಣ್ಣ ಗುರುತಿಸುವ ದೃಷ್ಟಿ, ಇವುಗಳನ್ನು ಎರಡೂ ಕಡೆ ನೋಡುತ್ತಾರೆ. ಅರ್ಜಿ ಹಾಕುವ ಮೊದಲೇ ಜಿಲ್ಲಾ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿರಿ. ಹಲ್ಲು, ಕಿವಿಯಂಥ ಸಣ್ಣ ತೊಂದರೆಗಳನ್ನು ಮೊದಲೇ ಸರಿಪಡಿಸಿಕೊಳ್ಳಬಹುದು. ಮುಂಜಾನೆಯ ಓಟವನ್ನು ಅವನು ಬಿಡುವುದು ಬೇಡ, ಅದು ಎರಡೂ ದಾರಿಗಳಿಗೆ ಬೇಕು. ಸಂಜೆಯ ಎರಡು ತಾಸನ್ನು ಮಾತ್ರ ಹೊಲದ ಕೆಲಸದಿಂದ ಬಿಡಿಸಿ ಗಣಿತಕ್ಕೆ ಕೊಡಿಸಿರಿ.